ಅಜ್ಜಿಗೆ ಯುದ್ಧದ ಬಗ್ಗೆ ಕೇಳಬೇಡಿ, ದೀಪದ ಬಗ್ಗೆ ಕೇಳಿ

ಪ್ರಶ್ನೆ: ನಮ್ಮ ಅಜ್ಜಿಗೆ ಈಗ 90 ವರ್ಷ. ತವರು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. 1950ರ ಸುಮಾರಿಗೆ ಮದುವೆಯಾಗಿ ಬೆಳಗಾವಿಗೆ ಬಂದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವರ ಅಪ್ಪ ಬೆಳಗಾವಿ ಕ್ಯಾಂಪಿಗೆ ಹೋಗಿ ಭರ್ತಿಯಾಗಿದ್ದರಂತೆ. ಯಾವ ಪಲ್ಟನ್ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಆಗಾಗ ತುಂಡು ತುಂಡಾಗಿ ಏನೇನೋ ಹೇಳುತ್ತಾರೆ. ಕತ್ತಲಲ್ಲೇ ಸಾಲಿಗೆ (ಶಾಲೆಗೆ) ಹೋಗುತ್ತಿದ್ದದ್ದು, ತೂತಿನ ದುಡ್ಡು, ಅಟ್ಟದ ಮೇಲೆ ಅಡಗಿ ಕೂತಿದ್ದ ಸೋದರಮಾವ, ಇಳಕಲ್ಲಿನ ಅತ್ತೆಯ ಮನೆಯಲ್ಲಿ ಮಗ್ಗ ನಿಂತಿದ್ದು, ಸಾಲುಗಟ್ಟಿ ಹೋದ ಮಿಲಿಟರಿ ಲಾರಿಗಳು, ಬಹಳ ದಿನ ಸುದ್ದಿಯೇ ಇಲ್ಲದ ಅಪ್ಪನಿಂದ 'ಕೈದಿ ಆಗೇನಿ' ಅಂತ ಬಂದ ಕಾಗದ. ನಮ್ಮ ಕಾಕಾ ಮಾತ್ರ ಇದರಲ್ಲಿ ಅರ್ಧ 1971ರ ಯುದ್ಧದ್ದು, ಅಜ್ಜಿ ಕಲಸಿ ಹೇಳುತ್ತಾರೆ ಅನ್ನುತ್ತಾರೆ. ನಾನು 'ಯುದ್ಧದ ಬಗ್ಗೆ ಹೇಳಜ್ಜಿ' ಅಂದರೆ 'ನಮಗೇನ್ ಗೊತ್ತಪಾ, ನಾವ್ ಸಣ್ಣವರಿದ್ವಿ' ಅಂತ ಸುಮ್ಮನಾಗಿಬಿಡುತ್ತಾರೆ. ಇದನ್ನೆಲ್ಲ ಬರೆದಿಡಬೇಕು ಅಂತ ಆಸೆ. ಹೇಗೆ ಕೇಳಲಿ? ಯಾವುದು ನಿಜ ಅಂತ ಹೇಗೆ ತಿಳಿಯಲಿ?

ಉತ್ತರ: ಮೊದಲು ನಿಮ್ಮ ಕಾಕಾ ಅವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ 1971ರದ್ದು ಅಂತ ನನಗೆ ಒಂದೂ ಕಾಣಲಿಲ್ಲ. ಲಾರಿಗಳ ವಿಷಯ ಬಿಟ್ಟರೆ ಉಳಿದದ್ದೆಲ್ಲ 1942ರಿಂದ 1945ರೊಳಗಿನದು. ಅಜ್ಜಿ ಆಗ ಏಳರಿಂದ ಹತ್ತು ವರ್ಷದ ಹುಡುಗಿ. ಆ ವಯಸ್ಸಿನವರಿಗೆ ಇಸವಿ ನೆನಪಿರುವುದಿಲ್ಲ, ವಸ್ತು ನೆನಪಿರುತ್ತದೆ. ನಾನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಿರಿಯರ ನೆನಪುಗಳನ್ನು ಬಹಳ ಕಾಲದಿಂದ ಬರೆದುಕೊಳ್ಳುತ್ತಾ ಬಂದಿದ್ದೇನೆ. ಚಿಕ್ಕಂದಿನಲ್ಲಿ ಕೈಯಲ್ಲಿ ಹಿಡಿದದ್ದರ ಬಗ್ಗೆ, ಬಾಯಿಗೆ ಹಾಕಿಕೊಂಡದ್ದರ ಬಗ್ಗೆ ಅವರು ಹೇಳುವುದು ತಪ್ಪುವುದು ಬಹಳ ಕಡಿಮೆ. ಅದು ಯಾವ ವರ್ಷ ಅಂತ ಹುಡುಕುವುದು ನಮ್ಮ ಕೆಲಸ, ಅವರದ್ದಲ್ಲ.

ಕತ್ತಲಲ್ಲಿ ಸಾಲಿಗೆ ಹೋದ ವಿಷಯವನ್ನೇ ತೆಗೆದುಕೊಳ್ಳಿ. ಎಷ್ಟೋ ಜನ ಇದನ್ನು ಅಜ್ಜಿಯರ ಉತ್ಪ್ರೇಕ್ಷೆ ಅಂತ ತಳ್ಳಿಹಾಕುತ್ತಾರೆ. ಆದರೆ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇಡೀ ದೇಶದ ಗಡಿಯಾರವನ್ನು ಸರ್ಕಾರ ಒಂದು ಗಂಟೆ ಮುಂದಕ್ಕೆ ಇಟ್ಟಿತ್ತು. ಯುದ್ಧದ ಕಾಲದಲ್ಲಿ ಹಗಲಿನ ಬೆಳಕು ಜಾಸ್ತಿ ಬಳಕೆಯಾಗಲಿ, ದೀಪದ ಖರ್ಚು ಉಳಿಯಲಿ ಅನ್ನುವುದು ಲೆಕ್ಕ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಈಗಿನ 7 ಗಂಟೆ ಸುಮಾರಿಗೆ. ಆಗಿನ ಗಡಿಯಾರದಲ್ಲಿ ಅದು 8. ಬೆಳಗಿನ ಸಾಲಿ ಏಳೂವರೆಗೆ ಗಂಟೆ ಹೊಡೆದರೆ ಮಕ್ಕಳು ಕತ್ತಲಲ್ಲೇ ಮನೆ ಬಿಡಬೇಕು, ಅಲ್ವಾ? ಊರಲ್ಲಿ ಹಿರಿಯರು 'ಹಳೇ ಟೈಮ್', 'ಹೊಸಾ ಟೈಮ್' ಅಂತ ಎರಡೂ ಇಟ್ಟುಕೊಂಡಿದ್ದರು. ಹೊಲಕ್ಕೆ ಹೋಗುವುದು, ದನ ಬಿಡುವುದು ಹಳೇ ಟೈಮಿಗೆ. ಸಾಲಿ, ರೈಲು, ಕಚೇರಿ ಹೊಸಾ ಟೈಮಿಗೆ. ಅಜ್ಜಿಗೆ 'ಹೊಸಾ ಟೈಮ್ ಅಂತಿದ್ರಾ?' ಅಂತ ಒಮ್ಮೆ ಕೇಳಿ ನೋಡಿ. ಹೌದು ಅಂದರೆ ಆ ನೆನಪು ಈ ಮೂರು ವರ್ಷದ ಒಳಗೇ ಬಂದು ಕೂರುತ್ತದೆ.

ತೂತಿನ ದುಡ್ಡೂ ಅಷ್ಟೇ ಗಟ್ಟಿ ಸಾಕ್ಷಿ. ನಡುವೆ ದೊಡ್ಡ ತೂತಿದ್ದ ಒಂದು ಪೈಸೆಯ ಕಂಚಿನ ನಾಣ್ಯ ಬಂದದ್ದು 1943ರಲ್ಲಿ. 1947ರವರೆಗೆ ಟಂಕಿಸಿದರು. ಲೋಹ ಉಳಿಸಲು ಮಾಡಿದ ಉಪಾಯ ಅದು. ಅದಕ್ಕೆ ಮುಂಚೆ ಬಜಾರಿನಲ್ಲಿ ಚಿಲ್ಲರೆಯೇ ಸಿಗದೆ ಜನ ಪರದಾಡಿದ್ದರು. ಬೆಳ್ಳಿ ರೂಪಾಯಿಯಲ್ಲಿದ್ದ ಬೆಳ್ಳಿಯನ್ನೂ 1940ರಲ್ಲಿ ಅರ್ಧಕ್ಕೆ ಇಳಿಸಿದ್ದರಿಂದ ಹಳೇ ರೂಪಾಯಿ ಕೈಗೆ ಬಂದವರು ಹೊರಗೆ ಬಿಡಲಿಲ್ಲ, ಗಡಿಗೆಯಲ್ಲಿ ಹಾಕಿಟ್ಟರು. ಒಂದು ರೂಪಾಯಿಯ ನೋಟು ಅದೇ ವರ್ಷ ಬಂತು. 'ನಮ್ಮವ್ವ ಕಾಗದದ ರೂಪಾಯಿ ಇಸ್ಕೊಳ್ಳಾಕ ಒಪ್ತಿರಲಿಲ್ಲ' ಅನ್ನುವ ಮಾತನ್ನು ಸವದತ್ತಿ, ರಾಮದುರ್ಗದ ಕಡೆ ಕೇಳಿದ್ದೇನೆ. ನಿಮ್ಮ ಅಜ್ಜಿಯ ತವರಿನಲ್ಲಿ ಮನಿಆರ್ಡರ್ ದುಡ್ಡು ಯಾವ ರೂಪದಲ್ಲಿ ಬರುತ್ತಿತ್ತು, ಅವ್ವ ಅದನ್ನು ಎಲ್ಲಿ ಇಡುತ್ತಿದ್ದರು ಅಂತ ಕೇಳಿ. ಒಂದು ಎಚ್ಚರಿಕೆ: ಅಜ್ಜಿ ಆಣೆ, ಪೈ ಅಂದ ಮಾತ್ರಕ್ಕೆ ಅದು ಹಳೇ ಕಾಲದ್ದು ಅಂತ ತಿಳಿಯಬೇಡಿ. ಹೊಸ ಪೈಸೆ 1957ರಲ್ಲಿ ಬಂದರೂ ನಮ್ಮ ಸಂತೆಗಳಲ್ಲಿ ನಾಲ್ಕಾಣೆ, ಎಂಟಾಣೆ ಎಷ್ಟು ವರ್ಷ ಉಳಿದವು ಅಂತ ನಿಮಗೇ ಗೊತ್ತು.

ಇನ್ನು ಲಾರಿಗಳು. ಇಲ್ಲಿ ನಿಮ್ಮ ಕಾಕಾ ಪೂರ್ತಿ ತಪ್ಪಲ್ಲ. ಇದು ಬೇರೆ ಕಾಲದ್ದು ಇರಬಹುದು, ಆದರೆ 1971ರದ್ದಲ್ಲ, 1961ರದ್ದು. ಗೋವಾ ಬಿಡುಗಡೆಗೆ ಸೈನ್ಯ ಸೇರಿದ್ದೇ ಬೆಳಗಾವಿಯಲ್ಲಿ. ಆ ವರ್ಷದ ಡಿಸೆಂಬರ್ ಮೊದಲ ಎರಡು ವಾರ ಬೆಳಗಾವಿ ಸುತ್ತಮುತ್ತ ಎಲ್ಲಿ ನೋಡಿದರೂ ಲಾರಿ, ಜೀಪು, ತೋಪು. ಡಿಸೆಂಬರ್ 18ರಂದು ಕಾರ್ಯಾಚರಣೆ ಶುರುವಾಯಿತು, ಮರುದಿನ ಸಂಜೆಗೆ ಪೋರ್ಚುಗೀಸರು ಶರಣಾದರು. ಸಾಂಬ್ರಾದಿಂದ ಯುದ್ಧವಿಮಾನಗಳೂ ಹಾರಿದವು. ಅಜ್ಜಿ ಆಗ ಬೆಳಗಾವಿಯ ಸೊಸೆ, ಮಕ್ಕಳ ತಾಯಿ. ನೋಡಿಯೇ ಇರುತ್ತಾರೆ. ಆದರೆ ಸಾಂಬ್ರಾದ ವಿಮಾನ ನಿಲ್ದಾಣ ಕಟ್ಟಿದ್ದು 1942ರಲ್ಲಿ, ಬರ್ಮಾ ಯುದ್ಧದ ಹೊತ್ತಿಗೆ. ಅದಕ್ಕೇ ವಿಮಾನದ ಸದ್ದು, ಲಾರಿಯ ಸಾಲು ಎರಡೂ ಕಾಲಕ್ಕೆ ಸಲ್ಲುತ್ತವೆ.

ಇದನ್ನು ಬಿಡಿಸಲು ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದೇ. 'ನೋಡಿದ್ದು ತವರಮನಿಯಿಂದೋ, ಗಂಡನ ಮನಿಯಿಂದೋ?' ಆ ಕಾಲದ ಹೆಣ್ಣುಮಕ್ಕಳ ನೆನಪಿಗೆ ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಇಲ್ಲ. ಇಸವಿ ಕೇಳಿದರೆ ತಡವರಿಸುತ್ತಾರೆ. ಆದರೆ ಲಾರಿ ನೋಡುವಾಗ ಪಕ್ಕದಲ್ಲಿ ಯಾರು ನಿಂತಿದ್ದರು, ತಲೆಯ ಮೇಲೆ ಸೆರಗಿತ್ತೋ ಇಲ್ಲವೋ, ಓಡಿ ಹೋಗಿ ನೋಡಿದ್ದೋ ಬಾಗಿಲ ಮರೆಯಿಂದ ನೋಡಿದ್ದೋ ಅಂದರೆ ಥಟ್ಟನೆ ಹೇಳುತ್ತಾರೆ. ಗೆಳತಿಯರ ಜೊತೆ ಓಡಿ ಹೋಗಿ ನೋಡಿದ್ದಾದರೆ ತವರು, ಅಂದರೆ ಮಹಾಯುದ್ಧ. ಅತ್ತೆ ಕರೆದು ಒಳಗೆ ಬಾ ಅಂದರು ಅಂತಾದರೆ ಗೋವಾ. ನಿಮ್ಮ ಅಜ್ಜಿಯ ಮದುವೆ 1950ರ ಸುಮಾರಿಗೆ ಆದದ್ದರಿಂದ ಈ ಗೆರೆ ಬಹಳ ಸ್ಪಷ್ಟವಾಗಿದೆ. ಮಹಾಯುದ್ಧ ಪೂರ್ತಿ ಒಂದು ಮನೆಯಲ್ಲಿ ಆಯಿತು, ಆಮೇಲಿನದೆಲ್ಲ ಇನ್ನೊಂದು ಮನೆಯಲ್ಲಿ.

ಆಮೇಲಿನ ಯುದ್ಧಗಳಿಗೂ ಅವುಗಳದ್ದೇ ಗುರುತುಗಳಿವೆ. ಸೈನಿಕರಿಗೆ ಸ್ವೆಟರ್ ಹೆಣೆದದ್ದು, ರಕ್ಷಣಾ ನಿಧಿಗೆ ಬಳೆಯೋ ಉಂಗುರವೋ ಬಿಚ್ಚಿ ಕೊಟ್ಟದ್ದು ಅಂದರೆ ಸಾಮಾನ್ಯವಾಗಿ 1962. ಸೋಮವಾರ ರಾತ್ರಿ ಊಟ ಬಿಟ್ಟದ್ದು ಶಾಸ್ತ್ರೀಜಿ ಕರೆ ಕೊಟ್ಟ 1965ರದ್ದು. ಇಲ್ಲಿ ಮಾತ್ರ ನಮ್ಮ ಭಾಗದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಸೋಮವಾರದ ಒಪ್ಪತ್ತು ಎಷ್ಟೋ ಮನೆಗಳಲ್ಲಿ ಮೊದಲಿನಿಂದಲೂ ಇದೆ, ಅದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ. ಗಂಡಸರು, ಹುಡುಗರೂ ಬಿಟ್ಟರಾ ಅಂತ ಕೇಳಿದರೆ ಗೊತ್ತಾಗುತ್ತದೆ. ಪತ್ರಕ್ಕೆ ಐದು ಪೈಸೆಯ ನಿರಾಶ್ರಿತರ ಸ್ಟ್ಯಾಂಪ್ ಹೆಚ್ಚಿಗೆ ಅಂಟಿಸಬೇಕಾಗಿದ್ದದ್ದು 1971ರ ನವೆಂಬರ್‌ನಿಂದ. ಅಷ್ಟು ಹೊತ್ತಿಗೆ ಮನೆಯಲ್ಲಿ ಟ್ರಾನ್ಸಿಸ್ಟರ್ ಬಂದಿರುತ್ತದೆ. ಯುದ್ಧದ ಸುದ್ದಿ ಮನೆಯಲ್ಲೇ ಕೂತು ರೇಡಿಯೋದಲ್ಲಿ ಕೇಳಿದ ನೆನಪಾದರೆ ಅದು ತವರಿನ ಕಾಲದ್ದು ಆಗಿರುವ ಸಂಭವ ತೀರಾ ಕಡಿಮೆ. ಧಾರವಾಡದ ಆಕಾಶವಾಣಿ ಶುರುವಾದದ್ದೇ 1950ರಲ್ಲಿ.

ಹೇಗೆ ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಯುದ್ಧ ಅಂದಕೂಡಲೇ ಅಜ್ಜಿಗೆ ಬಂದೂಕು, ತೋಪು, ಗಂಡಸರು ನೆನಪಾಗುತ್ತಾರೆ. ಅದರ ಬಗ್ಗೆ ಹೇಳಲು ತಮಗೆ ಅಧಿಕಾರವಿಲ್ಲ ಅಂತ ಅವರು ನಿಜವಾಗಿ ನಂಬಿದ್ದಾರೆ. ಅದಕ್ಕೇ 'ನಮಗೇನ್ ಗೊತ್ತಪಾ' ಅನ್ನುವುದು. ಆ ಶಬ್ದವನ್ನೇ ಬಿಟ್ಟುಬಿಡಿ. ಮನೆಯ ಒಳಗಿನಿಂದ ಶುರು ಮಾಡಿ. ನಾನಾದರೆ ದೀಪದಿಂದ ಶುರು ಮಾಡುತ್ತೇನೆ.

ಯಾಕೆ ದೀಪ? 1942ರ ಮಾರ್ಚ್ 8ರಂದು ರಂಗೂನ್ ಜಪಾನಿಯರ ಕೈಸೇರಿತು. ಮುಂದಿನ ತಿಂಗಳು ಬರ್ಮಾದ ಎಣ್ಣೆ ಬಾವಿಗಳೂ ಹೋದವು. ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಚಿಮಣಿ ಎಣ್ಣೆಗೆ, ಅಂದರೆ ಸೀಮೆಎಣ್ಣೆಗೆ, ಬರ್ಮಾ ದೊಡ್ಡ ಆಸರೆಯಾಗಿತ್ತು. ಎಲ್ಲೋ ದೂರದ ಸೋಲು ಕೆಲವೇ ತಿಂಗಳಲ್ಲಿ ಬೈಲಹೊಂಗಲದ ಅಡುಗೆಮನೆಗೆ ಕತ್ತಲಾಗಿ ಬಂತು. ಅಂಗಡಿಯಲ್ಲಿ ಎಣ್ಣೆ ಅಳೆದು ಕೊಡತೊಡಗಿದರು, ಅದಕ್ಕೂ ಸಾಲು.

ಸವದತ್ತಿ ಕಡೆಯ ಒಬ್ಬ ಅಜ್ಜಿ ನನಗೆ ಹೇಳಿದ್ದನ್ನು ಕೇಳಿ. ಅವರ ಅವ್ವ ಎಣ್ಣೆ ಬಾಟಲಿಗೆ ಒಂದು ಕರೀ ದಾರ ಕಟ್ಟಿದ್ದರಂತೆ. ಪ್ರತಿ ರಾತ್ರಿ ಚಿಮಣಿ ಆರಿಸಿದ ಮೇಲೆ ಬಾಟಲಿಯಲ್ಲಿ ಎಣ್ಣೆ ಎಲ್ಲಿಗೆ ಇಳಿದಿದೆಯೋ ಅಲ್ಲಿಗೆ ದಾರವನ್ನು ಜರುಗಿಸುವುದು. ಮರುದಿನ ಸಂಜೆ ಎಣ್ಣೆ ದಾರಕ್ಕಿಂತ ಕೆಳಗಿದ್ದರೆ ಮಕ್ಕಳಿಗೆ ಏಟು. ಊಟ ಬೆಳಕಿರುವಾಗಲೇ. ರೊಟ್ಟಿ ಬಡಿಯುವುದು ಒಲೆಯ ಬೆಳಕಿನಲ್ಲಿ. ಓದುವ ಹುಡುಗ ಇದ್ದ ಮನೆಯಲ್ಲಿ ಅವನನ್ನೂ ಒಲೆಯ ಮುಂದೆ ಕೂಡಿಸುತ್ತಿದ್ದರು, ಹತ್ತಿ ಕಟ್ಟಿಗೆ ಒಂದೊಂದೇ ಮುರಿದು ಹಾಕುತ್ತಾ. ಬಾಣಂತಿ ಇದ್ದ ಕೋಣೆಯಲ್ಲಿ ಮಾತ್ರ ಕುಸುಬಿ ಎಣ್ಣೆಯ ಪಣತಿ ರಾತ್ರಿಯಿಡೀ ಉರಿಯಬೇಕು, ಅದಕ್ಕೆ ಯಾರೂ ಬೇಡ ಅನ್ನುವಂತಿಲ್ಲ. ಇಷ್ಟು ಹೇಳಿ ಆಕೆ ಬೆರಳಲ್ಲಿ ಗಾಳಿಯಲ್ಲೇ ಆ ದಾರವನ್ನು ಕೆಳಗೆ ಜರುಗಿಸಿ ತೋರಿಸಿದರು. ಅದರ ಹಿಂದೆಯೇ, ನಾನು ಕೇಳದೆಯೇ, ಪಲ್ಟನ್ನಿಗೆ ಹೋದ ಅಣ್ಣನ ಮಾತು ಬಂತು. ಚಿಮಣಿ ಎಣ್ಣೆ ಸಾಲಿನಲ್ಲಿ ನಿಲ್ಲಲು ಅಣ್ಣ ಇರಲಿಲ್ಲವಲ್ಲ, ಹಾಗಾಗಿ ಈಕೆ ನಿಲ್ಲಬೇಕಾಯಿತು. ಮಕ್ಕಳ ಪಾಲಿಗೆ ಯುದ್ಧ ಬಂದದ್ದು ಹೀಗೆ, ಮನೆಯಲ್ಲಿ ಒಬ್ಬರು ಕಡಿಮೆಯಾಗಿ ಅವರ ಕೆಲಸ ತಮ್ಮ ಮೇಲೆ ಬಿದ್ದು.

ನಿಮ್ಮ ಅಜ್ಜಿಗೂ ಇದನ್ನೇ ಕೇಳಿ. ಅಪ್ಪ ಹೋದ ಮೇಲೆ ಬಾವಿಯಿಂದ ನೀರು ಯಾರು ತರುತ್ತಿದ್ದರು? ಎತ್ತು ಯಾರು ಹೂಡುತ್ತಿದ್ದರು? ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಎತ್ತಿಕೊಂಡು ಕೂತವರು ಯಾರು? ಸಾಲಿ ಬಿಟ್ಟದ್ದು ಯಾವಾಗ, ಯಾಕೆ? ಈ ಕೊನೆಯ ಪ್ರಶ್ನೆಯನ್ನು ಬಹಳ ಮೆಲ್ಲಗೆ ಕೇಳಿ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳ ಓದು ನಿಂತದ್ದು ಇದೇ ವರ್ಷಗಳಲ್ಲಿ. ಅದರ ನೋವು ಇವತ್ತಿಗೂ ಹಾಗೇ ಇದೆ.

ಊಟದ ಬಗ್ಗೆ ಕೇಳುವಾಗ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ ಮಾತು ತೆಗೆಯಿರಿ. ಯುದ್ಧದ ವರ್ಷಗಳಲ್ಲಿ ಮುಂಬೈ ಸರ್ಕಾರ ರೈತರಿಂದ ಲೇವಿ ಜೋಳ ವಸೂಲು ಮಾಡಿತು. ನಮ್ಮ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಇಷ್ಟು ಎಕರೆಗೆ ಇಷ್ಟು ಚೀಲ ಅಂತ ಲೆಕ್ಕ ಹಾಕಿ ಚಾವಡಿಗೆ ತಂದು ಹಾಕಬೇಕು. ಉಳಿದದ್ದನ್ನು ಹಗೇವಿನಲ್ಲಿ ಬಚ್ಚಿಟ್ಟ ಕಥೆ ಬಹುತೇಕ ಪ್ರತಿ ಮನೆಯಲ್ಲಿದೆ. 'ಯಾರ್ ಕೇಳಿದ್ರೂ ಜ್ವಾಳ ಇಲ್ಲ ಅನ್ನು' ಅಂತ ಮಕ್ಕಳಿಗೆ ಕಲಿಸಿರುತ್ತಿದ್ದರು. ಸುಳ್ಳು ಹೇಳಬಾರದು ಅಂತ ಕಲಿಸಿದ ಅವ್ವನೇ ಹೀಗೆ ಹೇಳಿಕೊಟ್ಟಾಗ ಮಗುವಿಗೆ ಆದ ಗಲಿಬಿಲಿಯನ್ನು ಒಬ್ಬರು ನನಗೆ ವಿವರವಾಗಿ ಹೇಳಿದ್ದಾರೆ.

ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಿ: ತವರಿನ ಊರು ಖಾಲ್ಸಾ (ನೇರ ಬ್ರಿಟಿಷ್ ಆಡಳಿತದ) ಊರೋ, ಸಂಸ್ಥಾನದ್ದೋ. ರಾಮದುರ್ಗ, ಜಮಖಂಡಿ, ಮುಧೋಳ, ಸಾಂಗಲಿ, ಕೊಲ್ಹಾಪುರ ಹೀಗೆ ಸಂಸ್ಥಾನಗಳ ಹಳ್ಳಿಗಳು ಬ್ರಿಟಿಷ್ ಹಳ್ಳಿಗಳ ನಡುವೆ ಅಲ್ಲಲ್ಲಿ ಸೇರಿಕೊಂಡಿದ್ದವು. ಎರಡು ಊರುಗಳ ನಡುವೆ ಹಳ್ಳವೊಂದೇ ಅಡ್ಡ ಇದ್ದರೂ ಆಡಳಿತ ಬೇರೆ, ಧಾನ್ಯದ ನಿಯಮ ಬೇರೆ ಇರಬಹುದಿತ್ತು. ಇಬ್ಬರು ಅಜ್ಜಿಯರು ಒಂದೇ ವರ್ಷದ ಬಗ್ಗೆ ಬೇರೆ ಬೇರೆ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ವಿಜಯಪುರ, ಬಾಗಲಕೋಟೆ ಕಡೆಯ ನೆಂಟರನ್ನು ಕೇಳಿದರೆ ಇನ್ನೊಂದು ಸಂಗತಿ ಎದುರಾಗುತ್ತದೆ. ಅಲ್ಲಿ 1942-43 ಅಂದರೆ ಯುದ್ಧಕ್ಕಿಂತ ಮುಂಚೆ ಬರ ನೆನಪಾಗುತ್ತದೆ. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಮಳೆ ಕೈಕೊಟ್ಟಿತು, ಹೊರಗಿನ ಧಾನ್ಯ ಬರುವುದು ಯುದ್ಧದಿಂದ ಕಷ್ಟವಾಗಿತ್ತು, ಬೆಲೆ ಏರಿತ್ತು. ಜನ ಬರಗಾಲದ ಕಾಮಗಾರಿಗೆ ಹೋಗಿ ಹೊಲಗಳಿಗೆ ಒಡ್ಡು ಹಾಕಿದರು. ಆ ಭಾಗದ ಹಿರಿಯರು 'ಯುದ್ಧದಾಗ ಮಳಿ ಆಗಲಿಲ್ಲ' ಅಂದರೆ ಯುದ್ಧಕ್ಕೂ ಮಳೆಗೂ ಏನು ಸಂಬಂಧ ಅಂತ ತಿದ್ದಬೇಡಿ. ಹೊಟ್ಟೆಯ ಲೆಕ್ಕದಲ್ಲಿ ಎರಡೂ ಒಂದೇ ಆಗಿದ್ದವು.

ಇಳಕಲ್ಲಿನ ಅತ್ತೆಯ ಮನೆಯಲ್ಲಿ ಮಗ್ಗ ನಿಂತದ್ದು ಪೂರ್ತಿ ನಂಬುವ ಮಾತು. ಅಷ್ಟೇ ಅಲ್ಲ, ನಿಮ್ಮ ಅಜ್ಜಿ ಹೇಳಿದ್ದರಲ್ಲಿ ಇದನ್ನೇ ಹೆಚ್ಚು ಕೆದಕಿ ಅಂತ ಹೇಳುತ್ತೇನೆ. ರಾಸಾಯನಿಕ ಬಣ್ಣ ಆಗ ಹೆಚ್ಚಾಗಿ ಬರುತ್ತಿದ್ದದ್ದು ಜರ್ಮನಿಯಿಂದ. 1939ರಲ್ಲಿ ಯುದ್ಧ ಶುರುವಾದಕೂಡಲೇ ಆ ದಾರಿ ಮುಚ್ಚಿತು. ಇಳಕಲ್ಲಿನವರು ಚಮಕಾ ಅನ್ನುವ ಕೃತಕ ರೇಷ್ಮೆಯೂ ಹೊರಗಿನದೇ. 1941ರಲ್ಲಿ ಜಪಾನಿನ ವ್ಯಾಪಾರ ನಿಂತ ಮೇಲೆ ಅದೂ ದುರ್ಲಭವಾಯಿತು. ಆಮೇಲೆ ಹತ್ತಿ ನೂಲಿಗೂ ಸರ್ಕಾರದ ಹತೋಟಿ ಬಂತು. ಗಿರಣಿಗಳು ಸೈನ್ಯಕ್ಕೆ ಬಟ್ಟೆ ನೇಯುವುದರಲ್ಲಿ ಮುಳುಗಿದ್ದವು. ಇಳಕಲ್ ಸೀರೆಯ ಮೈಯ ಹಾಸೇ (ಉದ್ದದ ಎಳೆಗಳೇ) ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಬೇಕು. ಆ ಸಣ್ಣ ಕೆಲಸಕ್ಕೆ ಮನೆಯ ಹೆಂಗಸರು, ಮಕ್ಕಳೂ ಕೈ ಹಾಕುತ್ತಾರೆ. ಮಗ್ಗ ನಿಂತಾಗ ನಿಂತದ್ದು ಒಬ್ಬ ನೇಕಾರನ ಕೆಲಸವಲ್ಲ, ಇಡೀ ಮನೆಯ ಕೆಲಸ. ಅತ್ತೆಯ ಮನೆಯ ಕುಣಿಮಗ್ಗದ ಕುಣಿಯಲ್ಲಿ ಆಗ ಏನು ಇಟ್ಟಿದ್ದರು, ಮಾವ ಕೂಲಿಗೆ ಎಲ್ಲಿಗೆ ಹೋದರು, ಮಕ್ಕಳು ಏನು ಮಾಡಿದರು ಅಂತ ಕೇಳಿ. ಸೊಲ್ಲಾಪುರ, ಮುಂಬೈ ಹೆಸರು ಬಂದರೆ ಆ ಜಾಡು ಹಿಡಿದು ಮುಂದೆ ಕೇಳಿ. ಮುಂಬೈಗೆ ಹೋದವರು 1944ರ ಏಪ್ರಿಲ್ 14ರಂದು ಅಲ್ಲಿನ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸ್ಫೋಟವಾದ ಮೇಲೆ ಹೆದರಿ ಊರಿಗೆ ಬಂದ ನೆನಪುಗಳೂ ನಮ್ಮ ಭಾಗದಲ್ಲಿವೆ.

ಬಟ್ಟೆಯ ಬಗ್ಗೆ ಇನ್ನೊಂದು ಸಣ್ಣ ಗುರುತು ಹೇಳುತ್ತೇನೆ. 1943ರಿಂದ ಗಿರಣಿ ಬಟ್ಟೆಯ ಮೇಲೆ ಬೆಲೆಯ ಮುದ್ರೆ ಒತ್ತುವುದು ಕಡ್ಡಾಯವಾಯಿತು. ಬಡವರಿಗಾಗಿ ಸ್ಟ್ಯಾಂಡರ್ಡ್ ಕ್ಲಾತ್ ಅನ್ನುವ ಅಗ್ಗದ ಬಟ್ಟೆಯೂ ಬಂತು. ಅಜ್ಜಿಯ ಪರಕಾರದ (ಲಂಗದ) ಮೇಲೆ ಅಕ್ಷರ ಮೂಡಿದ್ದು, ಎಷ್ಟು ಒಗೆದರೂ ಹೋಗದಿದ್ದದ್ದು ನೆನಪಿದೆಯಾ ಅಂತ ಕೇಳಿ. ಇಂಥ ಪ್ರಶ್ನೆಗೆ ಕಣ್ಣು ಅರಳುತ್ತದೆ.

ಈಗ ಅಟ್ಟದ ಮೇಲಿನ ಸೋದರಮಾವ. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಅಪ್ಪ ಬ್ರಿಟಿಷ್ ಸರ್ಕಾರದ ಸೈನ್ಯದಲ್ಲಿ, ಮಾವ ಅದೇ ಸರ್ಕಾರದ ಪೊಲೀಸರಿಂದ ತಪ್ಪಿಸಿಕೊಂಡು ಅಟ್ಟದ ಮೇಲೆ! 1942ರ ಆಗಸ್ಟ್‌ನಲ್ಲಿ 'ಚಲೇಜಾವ್' ಶುರುವಾದ ಮೇಲೆ ಬೆಳಗಾವಿ ಜಿಲ್ಲೆಯಲ್ಲಿ ಚಳವಳಿ ಹಳ್ಳಿ ಹಳ್ಳಿಗೂ ಹಬ್ಬಿತು. ಚಾವಡಿಗಳಿಗೆ ಬೆಂಕಿ ಬಿತ್ತು, ತಂತಿ ಕತ್ತರಿಸಿದರು, ಟಪಾಲು ಚೀಲ ದೋಚಿದರು. ಸಿಕ್ಕವರು ಹಿಂಡಲಗಾ ಜೈಲಿಗೆ. ಊರಿಗೆ ಊರೇ ತೆರಬೇಕಾದ ಪುಂಡಗಂದಾಯ ಹೇರಿದರು. ಪಕ್ಕದ ಹಾವೇರಿ ಕಡೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಇಂಥ ದಿನಗಳಲ್ಲಿ ನಿಮ್ಮ ಅಜ್ಜಿಯ ಅವ್ವ ಒಂದು ಕಡೆ ಗಂಡನ ಮನಿಆರ್ಡರ್‌ಗೆ ಪೋಸ್ಟಮನ್ ದಾರಿ ಕಾಯುತ್ತಾ, ಇನ್ನೊಂದು ಕಡೆ ಟಪಾಲು ಚೀಲ ದೋಚುವವರ ಜೊತೆ ಸೇರಿದ ತಮ್ಮನಿಗೆ ರಾತ್ರಿ ರೊಟ್ಟಿ ಕೊಡುತ್ತಿದ್ದರು. ಇಬ್ಬರಲ್ಲಿ ಯಾರ ಪರವಾಗಿಯೂ ಆಕೆ ನಿಲ್ಲಬೇಕಾಗಿರಲಿಲ್ಲ, ಇಬ್ಬರೂ ಅವಳವರೇ. ಇದು ಅಪರೂಪವೇನಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹೀಗಿತ್ತು. ಆಮೇಲೆ ಮಾವನ ಫೋಟೋ ಪಡಸಾಲೆಯ ಗೋಡೆ ಏರಿತು, ಅಪ್ಪನ ಪದಕ ಟ್ರಂಕಿನ ತಳ ಸೇರಿತು. ಇದು ನನಗೆ ಸರಿ ಕಾಣುವುದಿಲ್ಲ. ಭರ್ತಿಯಾದವರಲ್ಲಿ ಹೆಚ್ಚಿನವರು ರಾಜನಿಗಾಗಿ ಹೋದವರಲ್ಲ, ಸಾಲಕ್ಕಾಗಿ ಹೋದವರು, ತಿಂಗಳ ಸಂಬಳಕ್ಕಾಗಿ ಹೋದವರು. ನೀವು ಬರೆಯುವಾಗ ಇಬ್ಬರಿಗೂ ಸಮನಾದ ಜಾಗ ಕೊಡಿ.

ಈ ಭಾಗ ಕೇಳುವಾಗ ಅಜ್ಜಿ ದನಿ ತಗ್ಗಿಸಬಹುದು, ಬಾಗಿಲ ಕಡೆ ನೋಡಬಹುದು. ಯಾರಿಗೂ ಹೇಳಬೇಡ ಅಂತ ಏಳನೇ ವಯಸ್ಸಿನಲ್ಲಿ ಅವರಿಗೆ ಅವ್ವ ಹೇಳಿದ್ದರು. ಅದನ್ನು ಇಷ್ಟು ವರ್ಷ ಪಾಲಿಸಿದ್ದಾರೆ. ಒತ್ತಾಯ ಮಾಡಬೇಡಿ. ಅಟ್ಟಕ್ಕೆ ಏಣಿ ಎಲ್ಲಿತ್ತು, ರೊಟ್ಟಿ ಯಾರು ಒಯ್ಯುತ್ತಿದ್ದರು, ಕೆಮ್ಮು ಬಂದರೆ ಏನು ಮಾಡುತ್ತಿದ್ದರು ಅನ್ನುವಷ್ಟೇ ಸಾಕು.

ಕೈದಿಯಾದ ಕಾಗದದ ವಿಷಯ. ಬೆಳಗಾವಿಯಲ್ಲಿ ಭರ್ತಿಯಾದವರು ಅಂದರೆ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಇರುವ ಸಾಧ್ಯತೆ ಜಾಸ್ತಿ, ಅವರ ತರಬೇತಿ ಕೇಂದ್ರ ಇಲ್ಲೇ ಇತ್ತು. ಈಗಲೂ ಇದೆ. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದ್ದೂ 1941ರಲ್ಲಿ ಬೆಳಗಾವಿಯಲ್ಲೇ. ಮರಾಠಾ ಪಲ್ಟನ್ನಿನ ಎರಡನೇ ಬಟಾಲಿಯನ್ ಎರಿಟ್ರಿಯಾದ ಕೆರೆನ್‌ನಲ್ಲಿ ಕಾದಿ, ಆಮೇಲೆ ಉತ್ತರ ಆಫ್ರಿಕಾದ ಟೊಬ್ರುಕ್‌ನಲ್ಲಿ 1942ರ ಜೂನ್ 21ರಂದು ಸೆರೆಯಾಯಿತು. ಅಲ್ಲಿ ಸಿಕ್ಕವರನ್ನು ಇಟಲಿಗೆ ಒಯ್ದರು. ಅವರ ಪತ್ರಗಳು ರೆಡ್ ಕ್ರಾಸ್ ಮೂಲಕ ತಡವಾಗಿಯಾದರೂ ಮನೆ ಮುಟ್ಟುತ್ತಿದ್ದವು. ಸಿಂಗಾಪುರದಲ್ಲಿ ಜಪಾನಿಯರ ಕೈಗೆ ಸಿಕ್ಕ ಹತ್ತಾರು ಸಾವಿರ ಭಾರತೀಯರ ಮನೆಗಳಿಗೆ ಕಾಗದ ಬರುವುದು ತೀರಾ ಅಪರೂಪ. ಅಪ್ಪನ ಕೈಬರಹದ ಕಾಗದವೇ ಬಂತು ಅಂತ ಅಜ್ಜಿಗೆ ಖಾತ್ರಿಯಿದ್ದರೆ ಟೊಬ್ರುಕ್ ಕಡೆಗೆ ನನ್ನ ಒಲವು. ಆದರೆ ಇದನ್ನು ದಾಖಲೆಯಿಂದ ಗಟ್ಟಿ ಮಾಡಿಕೊಳ್ಳಬೇಕು.

ಅದಕ್ಕೆ ಎಲ್ಲಕ್ಕಿಂತ ಮೊದಲು ಪದಕ ಹುಡುಕಿ. ಭಾರತೀಯ ಸೈನಿಕರಿಗೆ ಕೊಟ್ಟ ಆ ಯುದ್ಧದ ಪದಕಗಳ ಮೇಲೆ ನಂಬರ್, ಹುದ್ದೆ, ಹೆಸರು, ರೆಜಿಮೆಂಟ್ ಕೊರೆದಿರುತ್ತಾರೆ. ದುಂಡನೆಯ ಪದಕವಾದರೆ ಅಂಚಿನಲ್ಲಿ, ನಕ್ಷತ್ರದಂತಿದ್ದರೆ ಹಿಂಭಾಗದಲ್ಲಿ. ಆ ನಂಬರ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಮರಾಠಾ ರೆಜಿಮೆಂಟಿನ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇರುವುದು ನಿಮ್ಮ ಅದೃಷ್ಟ. ನಂಬರ್, ಹೆಸರು, ಊರು, ನಿಮ್ಮ ಸಂಬಂಧ ಬರೆದು ಅರ್ಜಿ ಕೊಡಿ. ಹಾದಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಮನೆಯಲ್ಲಿ ಡಿಸ್ಚಾರ್ಜ್ ಪುಸ್ತಕ, ಮನಿಆರ್ಡರ್ ಚೀಟಿ ಏನಿದ್ದರೂ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ಮರಳಿ ಬಾರದ ಸೈನಿಕರಿದ್ದ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕಲು ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಕಡೆ ತಂದೆಯ ಹೆಸರು, ಊರ ಹೆಸರೂ ಇರುತ್ತದೆ. ಇಂಗ್ಲಿಷ್ ಕಾಗುಣಿತ ವಿಚಿತ್ರವಾಗಿರುತ್ತದೆ, ನಾಲ್ಕಾರು ಬಗೆಯಲ್ಲಿ ಬರೆದು ನೋಡಿ.

ಅಜ್ಜಿಯ ಸಾಲಿಯ ಹಾಜರಿ ದಾಖಲೆ ಸಿಕ್ಕರೆ ಸೇರಿದ ತಾರೀಖು, ಬಿಟ್ಟ ತಾರೀಖು ತಿಳಿಯುತ್ತದೆ. ಅಪ್ಪ ತಿರುಗಿ ಬಂದ ಮೇಲೆ ಹೊಲ ಬಿಡಿಸಿಕೊಂಡಿದ್ದರೆ ಅಥವಾ ಕೊಂಡಿದ್ದರೆ ಹಳೇ ಉತಾರದಲ್ಲಿ (ಪಹಣಿಯಲ್ಲಿ) ನಮೂದಾಗಿರುತ್ತದೆ.

ಕೂರುವಾಗ ಬೆಳಗಿನ ಹೊತ್ತು ಆರಿಸಿ, ಅಜ್ಜಿ ಚಹಾ ಕುಡಿದು ಹಗುರಾಗಿರುವಾಗ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಮೊಬೈಲ್ ರೆಕಾರ್ಡಿಂಗಿನಲ್ಲಿ ಅದರದ್ದೇ ಸ್ವರ. ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಅವರ ವಾರಗೆಯ ತಂಗಿಯೋ ನಾದಿನಿಯೋ ಇದ್ದರೆ ಒಂದು ದಿನ ಜೊತೆಗೆ ಕೂಡಿಸಿ, ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ. ಆದರೆ ಅಟ್ಟದ ಮಾತು ಒಬ್ಬರೇ ಇದ್ದಾಗ ಕೇಳಿ. ಕಾಕಾ ಅವರನ್ನು ಮೊದಲ ದಿನಗಳಲ್ಲಿ ದಯವಿಟ್ಟು ದೂರ ಇಡಿ. ಹೇಳುತ್ತಿರುವಾಗ ನಡುವೆ ಯಾರಾದರೂ 'ಅದು ಹಂಗಲ್ಲ' ಅಂದರೆ ಅಜ್ಜಿ ಆ ದಿನಕ್ಕೆ ಮುಗಿಸಿಬಿಡುತ್ತಾರೆ. ಬರೆಯುವಾಗ ಅವರ ಮಾತು ಅವರ ಬಾಯಲ್ಲಿ ಬಂದ ಹಾಗೇ ಇರಲಿ, 'ಸಾಲಿ'ಯನ್ನು 'ಶಾಲೆ' ಮಾಡಬೇಡಿ. ನೀವು ಹುಡುಕಿದ ಇಸವಿ, ಊರು, ದಾಖಲೆಯ ವಿವರ ಕೆಳಗೆ ಬೇರೆಯಾಗಿ ಬರಲಿ. ಎರಡೂ ಕಲಸಿದರೆ ಮುಂದೆ ಓದುವ ನಿಮ್ಮ ಮಕ್ಕಳಿಗೆ ಅಜ್ಜಿ ಹೇಳಿದ್ದು ಯಾವುದು, ನೀವು ಸೇರಿಸಿದ್ದು ಯಾವುದು ತಿಳಿಯುವುದಿಲ್ಲ.

ಅಪ್ಪ ಮರಳಿ ಬಂದ ದಿನದ ಬಗ್ಗೆ ನೀವು ಏನೂ ಬರೆದಿಲ್ಲ. ಅದನ್ನು ಕೊನೆಗೆ ಕೇಳಿ. ಬಹಳ ಮಕ್ಕಳಿಗೆ ಆ ದಿನ ಅಪ್ಪನ ಗುರುತೇ ಸಿಗಲಿಲ್ಲ. ಯಾರೋ ಮೀಸೆಯವರು ಬಂದು ಪಡಸಾಲೆಯಲ್ಲಿ ಕೂತರು, ಅವ್ವ ಒಳಗೆ ಹೋಗಿ ಅತ್ತಳು, ನಾನು ಹೆದರಿ ಕಣಜದ ಹಿಂದೆ ನಿಂತೆ ಅನ್ನುವ ಥರದ ಮಾತನ್ನು ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇನೆ. ಆಮೇಲೆ ಅಪ್ಪ, ಮಾವ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರಾ, ಕೂತರೆ ಏನು ಮಾತಾಡಿದರು ಅಂತಲೂ ಕೇಳಿ. ನನಗಂತೂ ಅದನ್ನು ತಿಳಿಯುವ ಆಸೆ ಬಹಳ ಇದೆ.

ಪದಕ ಸಿಕ್ಕರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಕೊರೆದ ಅಕ್ಷರ ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಹತ್ತಿರ ಓರೆ ಬೆಳಕಿನಲ್ಲಿ ಹಿಡಿದು ಅಂಚಿನ ಫೋಟೋ ತೆಗೆಯಿರಿ. ಓದಲು ಆಗದಿದ್ದರೆ ನನಗೆ ಕಳಿಸಿ, ಓದಿಕೊಡುತ್ತೇನೆ.